ಸತಿಹಿತೈಷಿಣಿ: ಒಂದು ಹೆಸರಿನ ಹಿಂದಿನ ಬದುಕು

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ದೊಡ್ಡ ಊರೇನಲ್ಲ. ಆದರೆ ಕಾಂತೇಶನ ಗುಡಿಯಿಂದಾಗಿ ಅದರ ಹೆಸರು ಸುತ್ತಿನ ಸೀಮೆಗೆಲ್ಲ ಪರಿಚಿತ. ಕಾಗಿನೆಲೆಯ ಆದಿಕೇಶವನ ಭಕ್ತರಾದ ಕನಕದಾಸರು ಈ ಆಂಜನೇಯನ ಸನ್ನಿಧಿಯಲ್ಲಿ ಕುಳಿತು 'ಮೋಹನತರಂಗಿಣಿ'ಯನ್ನು ರಚಿಸಿದರೆಂಬುದು ಈ ಭಾಗದ ಜನರ ನಂಬಿಕೆ. ಆ ಕಾವ್ಯ ಸಾಂಗತ್ಯದಲ್ಲಿದೆ. ಸಾಂಗತ್ಯವೆಂದರೆ ಹಾಡಿಗೆ ಒಗ್ಗುವ, ಕಿವಿಗೆ ಹತ್ತುವ ಮಟ್ಟು. ಅಕ್ಷರ ಬಾರದವರೂ ಅದನ್ನು ಕೇಳಿ ಸವಿಯಬಹುದು. ಅಂಥ ಕೇಳುಗರಲ್ಲಿ ಹೆಂಗಸರ ಸಂಖ್ಯೆ ಸಣ್ಣದಾಗಿರಲಿಲ್ಲ. ಗುಡಿಯ ಕಂಬಕ್ಕೆ ಒರಗಿ, ಪಡಸಾಲೆಯ ಬಾಗಿಲ ಮರೆಯಲ್ಲಿ ನಿಂತು, ನಮ್ಮ ಹೆಣ್ಣುಮಕ್ಕಳು ಶತಮಾನಗಳ ಕಾಲ ಕಥೆ ಕೇಳಿದರು. ಕೇಳಿದವಳು ಯಾವಾಗ ಹೇಳುವವಳಾದಳು? ತಾನು ಕಟ್ಟಿದ ಕಥೆಯನ್ನು ಅಚ್ಚು ಮಾಡಿಸಿ, ತನ್ನ ಹೆಸರನ್ನು ಹಾಕಿ, ಇದು ನನ್ನದು ಎಂದು ಜಗತ್ತಿನ ಮುಂದಿಡುವ ಧೈರ್ಯ ಅವಳಿಗೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು ತುಂಗಭದ್ರೆಯ ಈ ದಂಡೆಯಿಂದ ಕಪಿಲೆಯ ದಂಡೆಯ ನಂಜನಗೂಡಿಗೆ ಹೋಗಬೇಕಾಗುತ್ತದೆ.

ಹೋಗುವ ಮುನ್ನ ನಮ್ಮ ಸೀಮೆಯಲ್ಲಿಯೇ ಒಂದು ಕ್ಷಣ ನಿಲ್ಲೋಣ. ಹಾವೇರಿಯ ಸಮೀಪದ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದರು. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಮೂಲಕ ಅವರ ಕಾದಂಬರಿಗಳು ಮನೆಮನೆಗೆ ಹೋದವು. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಇಂದಿಗೂ ಮನೆಮಾತಾಗಿದೆ. ಅಂದು ಈ ಭಾಗವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಮರಾಠಿಯ ಪ್ರಭಾವ ಬಲವಾಗಿತ್ತು. ಅಂಥ ಕಾಲದಲ್ಲಿ ಕನ್ನಡ ಗದ್ಯಕ್ಕೆ ಓದುಗರನ್ನು ಸಂಪಾದಿಸಿಕೊಟ್ಟದ್ದು ಸಾಮಾನ್ಯ ಕೆಲಸವಲ್ಲ. ಶಾಲೆಯ ಮುಖ ಕಾಣದಿದ್ದರೂ ಅಣ್ಣನೋ ತಮ್ಮನೋ ಓದಿ ಹೇಳುತ್ತಿದ್ದ ಕಥೆಯಿಂದ ಅಕ್ಷರದ ರುಚಿ ಹತ್ತಿಸಿಕೊಂಡ ಹೆಣ್ಣುಮಕ್ಕಳು ಎಷ್ಟೋ ಮನೆಗಳಲ್ಲಿದ್ದರು. ಓದುಗಿತ್ತಿ ಹುಟ್ಟದೆ ಲೇಖಕಿ ಹುಟ್ಟಲಾರಳು. ಕನ್ನಡ ಮಹಿಳೆಯ ಕಾದಂಬರಿಗೆ ನೆಲ ಹದಮಾಡಿದವರಲ್ಲಿ ಗಳಗನಾಥರಂಥವರ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಈಗ ನಂಜನಗೂಡಿನ ಕಥೆ. ಅಲ್ಲಿ ವೆಂಕಟಕೃಷ್ಣ ಅಯ್ಯಂಗಾರ್ಯರೆಂಬ ವಕೀಲರಿದ್ದರು. ಅವರ ಮಗಳು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಹತ್ತನೆಯ ವಯಸ್ಸಿಗೆ ಮದುವೆ. ಹದಿನಾಲ್ಕನೆಯ ವಯಸ್ಸಿಗೆ ವೈಧವ್ಯ. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವ ಕಾನೂನು ಬಂದಿತ್ತಲ್ಲ ಎಂದು ನೀವು ಕೇಳಬಹುದು. ಬಂದಿತ್ತು, ನಿಜ. ಆದರೆ ಅದು ನಿಷೇಧಿಸಿದ್ದು ಎಂಟು ವರ್ಷಕ್ಕಿಂತ ಕಿರಿಯ ಹುಡುಗಿಯ ಮದುವೆಯನ್ನು. ಹತ್ತು ವರ್ಷದ ಬಾಲೆ ಆ ಕಾನೂನಿನ ಕಣ್ಣಿನಲ್ಲಿ ದೊಡ್ಡವಳೇ! ಆ ಕಾಲದಲ್ಲಿ ಅತ್ಯಂತ ಮುಂದುವರಿದ ಸುಧಾರಣೆಯೆಂದು ಹೆಸರಾದ ಶಾಸನದ ಅಳತೆಯೇ ಇಷ್ಟು. ಅದರ ಆಚೆಗೆ ಬಿದ್ದವರ ಪಾಡನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಗಂಡನನ್ನು ಕಳೆದುಕೊಂಡ ಬಾಲೆ ತವರಿಗೆ ಮರಳಿದಳು. ಇಂಥ ಸಾವಿರಾರು ಹೆಣ್ಣುಮಕ್ಕಳ ಕಥೆ ಇಲ್ಲಿಗೆ ಮುಗಿದುಹೋಗುತ್ತಿತ್ತು. ಅಡಿಗೆಮನೆ, ಮಡಿ, ಉಪವಾಸ, ಇಷ್ಟರಲ್ಲಿ ಆಯುಷ್ಯ ಸವೆಯುತ್ತಿತ್ತು. ತಿರುಮಲಾಂಬ ಅವರ ಬದುಕು ಬೇರೆ ದಾರಿ ಹಿಡಿದದ್ದು ತಂದೆಯ ದೊಡ್ಡ ಮನಸ್ಸಿನಿಂದ. ಮಗಳ ಕೈಗೆ ಅವರು ಪುಸ್ತಕ ಕೊಟ್ಟರು. ಕನ್ನಡದೊಡನೆ ತಮಿಳು, ತೆಲುಗುಗಳ ಪರಿಚಯವೂ ಆಯಿತು. ಓದು ಮೊದಲು ದುಃಖವನ್ನು ಮರೆಸುವ ಸಾಧನವಾಗಿತ್ತು. ಬರಬರುತ್ತ ಅದೇ ಬದುಕಿನ ಉದ್ದೇಶವಾಯಿತು. ಮನೆಯಲ್ಲಿಯೇ ನೆರೆಹೊರೆಯ ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದರು. ಹೇಳಲು ತಕ್ಕ ಪುಸ್ತಕಗಳು ಎಲ್ಲಿವೆ ಎಂದು ಹುಡುಕುವ ಗುರುವಿಗೆ, ಅವು ಇಲ್ಲವೆಂದಾಗ, ತಾನೇ ಬರೆಯುವುದೊಂದೇ ಉಳಿದ ದಾರಿ.

1913ರಲ್ಲಿ ಅವರು 'ಸತಿಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅದರಲ್ಲಿ ಮೊದಲು ಹೊರಬಂದದ್ದು ಅವರದೇ ಕಾದಂಬರಿ 'ಸುಶೀಲೆ'. ಇದಕ್ಕೆ ಹಿಂದೆ, 1908ರಲ್ಲಿ, ಶಾಂತಾಬಾಯಿ ನೀಲಗಾರ ಅವರ 'ಸದ್ಗುಣೀ ಕೃಷ್ಣಾಬಾಯಿ' ಬಂದಿತ್ತು. ಆದುದರಿಂದ 'ಮೊದಲನೆಯವರು' ಎಂಬ ಬಿರುದಿಗಾಗಿ ಜಗಳವಾಡುವುದು ಬೇಡ. ತಿರುಮಲಾಂಬ ಅವರ ಹೆಚ್ಚಳ ಬೇರೆಡೆ ಇದೆ. ಅವರು ಒಂದು ಪುಸ್ತಕ ಬರೆದು ಸುಮ್ಮನಾಗಲಿಲ್ಲ. ಬರೆದದ್ದನ್ನು ಅಚ್ಚು ಹಾಕಿಸುವ, ಓದುಗರಿಗೆ ತಲುಪಿಸುವ, ಇತರರ ಬರಹವನ್ನೂ ಬೆಳಕಿಗೆ ತರುವ ಹೊಣೆಯನ್ನೆಲ್ಲ ಹೊತ್ತರು. 'ನಭಾ', 'ವಿದ್ಯುಲ್ಲತಾ', 'ವಿರಾಗಿಣಿ', 'ದಕ್ಷಕನ್ಯೆ', 'ಮಾತೃನಂದಿನಿ' ಹೀಗೆ ಕಾದಂಬರಿಗಳು ಒಂದರ ಹಿಂದೊಂದು ಬಂದವು. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದದ್ದು 1915ರಲ್ಲಿ, ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' ಪ್ರಕಟವಾದದ್ದೂ ಅದೇ ವರ್ಷ. ಅದಕ್ಕೆ ಎರಡು ವರ್ಷ ಮೊದಲೇ ನಂಜನಗೂಡಿನ ಒಂದು ಮನೆಯ ಒಳಕೋಣೆಯಲ್ಲಿ ಒಬ್ಬ ವಿಧವೆ ಪ್ರಕಾಶನ ಸಂಸ್ಥೆಯೊಂದನ್ನು ಕಟ್ಟಿ ನಿಲ್ಲಿಸಿದ್ದರು.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಇಂದಿನ ಓದುಗರು 'ಸುಶೀಲೆ'ಯನ್ನು ತೆರೆದರೆ ನಿರಾಶರಾಗುವ ಸಂಭವವುಂಟು. ಪತಿಭಕ್ತಿ, ಸಹನೆ, ಗೃಹಧರ್ಮ ಇವುಗಳ ಹೊಗಳಿಕೆ ಅಲ್ಲಿ ಧಾರಾಳವಾಗಿದೆ. ಹೆಸರುಗಳೇ ಸಾರಿ ಹೇಳುತ್ತವಲ್ಲ: ಗ್ರಂಥಮಾಲೆ ಸತಿಯರ ಹಿತವನ್ನು ಬಯಸುವಂಥದು, ಕಥಾನಾಯಿಕೆ ಶೀಲವಂತೆ! ಇದರೊಡನೆ ಇನ್ನೊಂದು ಕೃತಿಯನ್ನು ಇಟ್ಟು ನೋಡಿದರೆ ತೊಡಕು ಮತ್ತಷ್ಟು ಬಿಗಿಯಾಗುತ್ತದೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ನಾಯಿಕೆ ಬಾಲವಿಧವೆ. ಅವಳು ಮನೆಯಿಂದ ಹೊರಬೀಳುತ್ತಾಳೆ, ವಿದ್ಯೆ ಕಲಿಯುತ್ತಾಳೆ, ಕೊನೆಗೆ ಮೆಚ್ಚಿದವನನ್ನು ಮರುಮದುವೆಯಾಗುತ್ತಾಳೆ. ಗಂಡಸೊಬ್ಬರು ಕಲ್ಪಿಸಿದ ವಿಧವೆ ಇಷ್ಟು ದೂರ ನಡೆದರೆ, ಹದಿನಾಲ್ಕು ವರ್ಷಗಳ ಬಳಿಕ ನಿಜವಾದ ಬಾಲವಿಧವೆಯೊಬ್ಬರು ಬರೆದ ಕಾದಂಬರಿ ಸತೀಧರ್ಮವನ್ನು ಹಾಡಿತು. ಇದಕ್ಕೇನು ಕಾರಣ? ತಿರುಮಲಾಂಬ ಅಂಜಿದರೆ?

ಆತುರದ ತೀರ್ಪು ಇಲ್ಲಿ ಸಲ್ಲದು. ಗುಲ್ವಾಡಿಯವರು ಬರೆದುದಕ್ಕೆ ಟೀಕೆಗಳು ಬಂದರೂ ಅವರು ಹೊರಗೆ ತಿರುಗಾಡಬಲ್ಲವರಾಗಿದ್ದರು. ಉದ್ಯೋಗವಿತ್ತು, ಸ್ವಂತ ನೆಲೆಯಿತ್ತು. ತಿರುಮಲಾಂಬ ನಿಂತದ್ದು ತಂದೆಯ ನೆರಳಿನಲ್ಲಿ. ವಿಧವೆಯ ಆಸ್ತಿಯ ಹಕ್ಕಿಗೆ ಸಂಸ್ಥಾನದಲ್ಲಿ ಒಂದಿಷ್ಟು ಭದ್ರತೆ ದೊರೆತದ್ದು 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನಿನಿಂದ. ಅದಕ್ಕೆ ಇನ್ನೂ ಇಪ್ಪತ್ತು ವರ್ಷಗಳಿದ್ದವು. ಅದಕ್ಕಿಂತ ಮುಖ್ಯವಾದ ಮಾತು ಓದುಗರದು. ಅವರ ಪುಸ್ತಕ ಹೆಂಗಸರ ಕೈ ಸೇರಬೇಕಾದರೆ ಮೊದಲು ಮನೆಯ ಯಜಮಾನರ ಕಣ್ಣನ್ನು ದಾಟಬೇಕಾಗಿತ್ತು. ದುಡ್ಡು ಕೊಟ್ಟು ಕೊಳ್ಳುವವನು ಅವನು. 'ಸತಿಹಿತೈಷಿಣಿ' ಎಂಬ ಹೆಸರನ್ನು ಕಂಡು ಅವನು ತಲೆದೂಗಿ ಪುಸ್ತಕವನ್ನು ಒಳಗೆ ಕಳುಹಿಸುತ್ತಿದ್ದ. ಆ ಹೆಸರು ಮನೆಯ ಬಾಗಿಲು ತೆರೆಯುವ ಬೀಗದ ಕೈಯಾಗಿತ್ತು. ಒಳಗೆ ಹೋದ ಮೇಲೆ ಆ ಪುಸ್ತಕ ಹೇಳುತ್ತಿದ್ದುದು ಏನು? ಹೆಣ್ಣು ಓದಬೇಕು, ಓದಿದ ಹೆಣ್ಣು ಮನೆಯನ್ನು ಹಾಳು ಮಾಡುವವಳಲ್ಲ, ಅವಳಿಗೂ ಬುದ್ಧಿಯುಂಟು, ವಿವೇಕವುಂಟು, ದಾರಿತಪ್ಪಿದ ಗಂಡಸಿಗೆ ದಾರಿ ತೋರಬಲ್ಲ ಶಕ್ತಿಯುಂಟು. ಇದು ಅಂದಿಗೆ ಸಣ್ಣ ಮಾತಾಗಿರಲಿಲ್ಲ. ಇನ್ನೊಂದನ್ನೂ ಹೇಳಬೇಕು: ಈ ಆದರ್ಶಗಳನ್ನು ಅವರು ಕೇವಲ ಉಪಾಯಕ್ಕಾಗಿ ಹಿಡಿದರೆಂದಲ್ಲ. ಅವರು ಅವನ್ನು ಮನಸಾರೆ ನಂಬಿದ್ದರು. ನಂಬಿಕೆಯೂ ನೋವೂ ಒಂದೇ ಎದೆಯಲ್ಲಿ ಇರಬಲ್ಲವು.

ನಮ್ಮ ಸಾಹಿತ್ಯದಲ್ಲಿ ಈ ದಾರಿ ಹೊಸದೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಯರ ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಅದೇ ಸಾಂಗತ್ಯದಲ್ಲಿ ರಚಿಸಿದಳು. ಹೆಸರು ಪತಿವ್ರತೆಯ ಧರ್ಮ. ಆದರೆ ಅದರ ಒಳಗೆ, ಹೆಣ್ಣು ಹುಟ್ಟಿತೆಂದು ಮುಖ ಬಾಡಿಸಿಕೊಳ್ಳುವ ಲೋಕವನ್ನು ಕೇಳಬೇಕಾದ ಪ್ರಶ್ನೆಯನ್ನು ಅವಳು ಕೇಳಿಯೇ ಬಿಟ್ಟಳು. ಹೊನ್ನಮ್ಮನಿಂದ ತಿರುಮಲಾಂಬ ಅವರವರೆಗೆ ಇನ್ನೂರು ವರ್ಷಗಳಿಗೂ ಮಿಕ್ಕ ಅಂತರವಿದೆ. ಅಷ್ಟಾದರೂ ಹೆಣ್ಣು ಮಾತನಾಡಲು ಧರ್ಮದ ಸೆರಗನ್ನು ಹೊದೆಯಬೇಕಾಗಿತ್ತು ಎಂಬುದು ಲೇಖಕಿಯರ ದೋಷವಲ್ಲ, ಕಾಲದ ದೋಷ.

ತಿರುಮಲಾಂಬ ಅವರ ಬದುಕಿನ ಅತ್ಯಂತ ಮನ ಕಲಕುವ ಭಾಗ ಅವರ ಮೌನ. ಇಷ್ಟು ಹುರುಪಿನಿಂದ ಹೊರಟ ಬರವಣಿಗೆ ಕ್ರಮೇಣ ನಿಂತುಹೋಯಿತು. ನವೋದಯದ ಹೊಸ ಗಾಳಿ ಬೀಸಿ ಸಣ್ಣಕಥೆ, ಭಾವಗೀತೆಗಳ ಮೆರುಗು ಹೆಚ್ಚಿದಂತೆ, ಬೋಧೆಯೇ ಮುಖ್ಯವಾದ ಹಳೆಯ ಬಗೆಯ ಕಾದಂಬರಿ ವಿಮರ್ಶಕರಿಗೆ ರುಚಿಸದಾಯಿತು. ಅವರು ನಂಜನಗೂಡು ಬಿಟ್ಟು ಮದರಾಸು ಸೇರಿದರು. ಕನ್ನಡ ನಾಡು ಅವರನ್ನು ಮರೆಯಿತು. ಮರೆವು ಎಷ್ಟು ಗಾಢವಾಗಿತ್ತೆಂದರೆ, ಸಾಹಿತ್ಯದ ಚರಿತ್ರೆಯಲ್ಲಿ ಅವರದೊಂದು ಸಾಲು ಬಂದರೂ ಅದು ತೀರಿಹೋದವರ ಬಗೆಗೆ ಬರೆದ ಸಾಲಿನಂತಿರುತ್ತಿತ್ತು. ಅವರಾದರೋ ಬದುಕಿದ್ದರು! ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾ ಅವರು ಹುಡುಕಿಕೊಂಡು ಹೋಗಿ ಆ ವೃದ್ಧೆಯನ್ನು ಕಂಡು, ಅವರ ಬದುಕು ಬರಹಗಳನ್ನು ಮತ್ತೆ ನಾಡಿನ ಗಮನಕ್ಕೆ ತಂದರು. 1982ರಲ್ಲಿ, ತೊಂಬತ್ತೈದರ ಇಳಿವಯಸ್ಸಿನಲ್ಲಿ, ತಿರುಮಲಾಂಬ ತೀರಿಕೊಂಡರು. ಮಂಗಳಾ ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯನ್ನು ಸ್ಥಾಪಿಸಿತು. ಒಬ್ಬ ಲೇಖಕಿಯ ಋಣವನ್ನು ತೀರಿಸಲು ಇನ್ನೊಬ್ಬ ಹೆಣ್ಣುಮಗಳೇ ಬರಬೇಕಾಯಿತು.

ಅವರು ಮೌನವಾಗಿದ್ದ ಆ ದೀರ್ಘ ಕಾಲದಲ್ಲಿ ಅವರು ಬಿತ್ತಿದ್ದು ಬೆಳೆಯುತ್ತಲೇ ಇತ್ತು. 1939ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿಯೇ ತೀರಿಕೊಂಡ ಕೊಡಗಿನ ಗೌರಮ್ಮ, ವಿಧವೆಯ ಒಳಗುದಿಯನ್ನು ಉಪದೇಶದ ಹಂಗಿಲ್ಲದೆ ಸಣ್ಣಕಥೆಗೆ ತಂದರು. 1953ರಲ್ಲಿ 'ಅಪಸ್ವರ'ದಿಂದ ಕಾದಂಬರಿ ಕ್ಷೇತ್ರಕ್ಕೆ ಬಂದ ತ್ರಿವೇಣಿ ಮನಶ್ಶಾಸ್ತ್ರದ ದೀಪ ಹಿಡಿದು ಹೆಣ್ಣಿನ ಅಂತರಂಗವನ್ನು ಹೊಕ್ಕರು. ಅವರ 'ಶರಪಂಜರ'ದ ಕಾವೇರಿಯ ಮನಸ್ಸಿನ ಕಾಯಿಲೆ ವಾಸಿಯಾಗುತ್ತದೆ. ಅವಳನ್ನು ನೋಡುವ ಜನರ ಕಾಯಿಲೆ ವಾಸಿಯಾಗುವುದಿಲ್ಲ. 1963ರಲ್ಲಿ ತ್ರಿವೇಣಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೈದು ತುಂಬಿರಲಿಲ್ಲ. ಸುಶೀಲೆ ತನ್ನ ಗುಣದಿಂದ ಮನೆಯನ್ನು ಗೆಲ್ಲಬಲ್ಲೆನೆಂದು ನಂಬಿದ್ದಳು. ಗುಣವೊಂದೇ ಸಾಲದು ಎಂದು ಕಾವೇರಿ ತೋರಿಸಿದಳು. ಮೊದಲ ನಂಬಿಕೆಯನ್ನು ಯಾರೋ ಒಬ್ಬರು ಬರೆದಿಟ್ಟಿರದಿದ್ದರೆ ಎರಡನೆಯ ಸತ್ಯಕ್ಕೆ ಮಾತು ಸಿಕ್ಕುತ್ತಿರಲಿಲ್ಲ.

ಸಂಸ್ಥೆಗಳ ಮನ್ನಣೆ ಮಾತ್ರ ನಿಧಾನವಾಗಿಯೇ ಬಂತು. 1915ರಲ್ಲಿ ಮೊದಲಾದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆ ಕುಳಿತದ್ದು 1974ರಲ್ಲಿ, ಮಂಡ್ಯದಲ್ಲಿ. ಅವರು ಜಯದೇವಿತಾಯಿ ಲಿಗಾಡೆ. ಐವತ್ತೊಂಬತ್ತು ವರ್ಷ ಕಾಯಬೇಕಾಯಿತು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಾಗ ನಾವೆಲ್ಲ ಹಿಗ್ಗಿದೆವು. ಆ ಹಿಗ್ಗಿನಲ್ಲಿ ನಂಜನಗೂಡಿನ ಆ ಒಳಕೋಣೆಯ ಪಾಲನ್ನು ಎಷ್ಟು ಜನ ನೆನೆದರೋ!

ಕೊನೆಗೆ ಒಂದು ಬಿನ್ನಹ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಳೆಯ ಮನೆಗಳಲ್ಲಿ ಇಂದಿಗೂ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಗಳಿರುತ್ತವೆ. ಅವುಗಳಲ್ಲಿ ರಟ್ಟು ಕಳಚಿದ, ಅಂಚು ಮುರಿದ ಪುಸ್ತಕಗಳು, ಮಾಸಪತ್ರಿಕೆಯ ಬಿಡಿ ಸಂಚಿಕೆಗಳು ಇರಬಹುದು. ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಒಳಪುಟದಲ್ಲಿ ಅಜ್ಜಿಯೋ ಮುತ್ತಜ್ಜಿಯೋ ಸೊಟ್ಟ ಅಕ್ಷರಗಳಲ್ಲಿ ಬರೆದ ತನ್ನ ಹೆಸರು ಕಂಡೀತು. ಆ ಪುಸ್ತಕವನ್ನು ಬರೆದವರು ಯಾರೇ ಇರಲಿ, ಅದನ್ನು ತನ್ನದೆಂದು ಹೇಳಿಕೊಳ್ಳಲು ಅವಳು ಅಕ್ಷರ ಕಲಿತಳಲ್ಲ, ನಮ್ಮ ಲೇಖಕಿಯರ ಚರಿತ್ರೆ ಅಲ್ಲಿಂದಲೇ ಆರಂಭವಾಗುತ್ತದೆ.