ಕೊಡಗಿನ ಹೋಂಸ್ಟೇ: ತೋಟದ ಮನೆಗಳು ಬಾಗಿಲು ತೆರೆದ ಕಥೆ

ಕೊಡಗಿನಲ್ಲಿ ಹೋಂಸ್ಟೇ ಒಂದು ಕಸುಬಾಗಿ ನೆಲೆಯೂರಿದ್ದು 1990ರ ದಶಕದ ಕೊನೆಯಿಂದ 2000ರ ದಶಕದ ನಡುವಿನವರೆಗಿನ ಕೆಲವೇ ವರ್ಷಗಳಲ್ಲಿ. ಕಾಫಿ ಬೆಲೆ ನೆಲಕಚ್ಚಿದ, ಮಕ್ಕಳು ಓದು ಉದ್ಯೋಗವೆಂದು ಬೆಂಗಳೂರು ಸೇರಿದ, ದೊಡ್ಡ ಮನೆಗಳಲ್ಲಿ ಒಂದೆರಡು ಕೋಣೆಗಳು ಬೀಗ ಹಾಕಿಕೊಂಡು ಉಳಿದ ಕಾಲ ಅದು. ಬೆಳೆಗಾರ ಕುಟುಂಬಗಳು ಆ ಕೋಣೆಗಳನ್ನು ತೆರೆದು, ಗುರುತು ಪರಿಚಯವಿಲ್ಲದ ಪ್ರವಾಸಿಗರನ್ನು ದಿನದ ಲೆಕ್ಕದಲ್ಲಿ ಉಳಿಸಿಕೊಳ್ಳತೊಡಗಿದವು. ಈ ಕಸುಬಿನ ಬೇರು ಹುಡುಕುವವರು ಪ್ರವಾಸೋದ್ಯಮ ಇಲಾಖೆಯ ಕಡತಗಳಿಗಿಂತ ಮೊದಲು ಕಾಫಿ ಮಾರುಕಟ್ಟೆಯನ್ನೂ ಕೊಡಗಿನ ಮನೆಗಳ ರಚನೆಯನ್ನೂ ನೋಡಬೇಕು.

ಬಯಲುಸೀಮೆಯ ಹಳ್ಳಿಗಳಂತೆ ಕೊಡಗಿನ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಗದ್ದೆಯ ಅಂಚಿನಲ್ಲಿ, ದಿಬ್ಬದ ಮೇಲೆ, ತೋಟದ ನಡುವೆ ಒಂಟಿ ಮನೆ. ಮುಂದಿನ ಮನೆ ಫರ್ಲಾಂಗುಗಳಾಚೆ. ಕೊಡವರ ಒಂದೊಂದು ಒಕ್ಕಕ್ಕೂ (ಕುಲಕ್ಕೂ) ಒಂದು ಐನ್‌ಮನೆ, ಅಂದರೆ ಹಿರಿಯರ ಮೂಲಮನೆ, ಇರುತ್ತದೆ. ಅದರ ಮುಂಭಾಗದ ಕೈಯಾಲೆ ಎಂಬ ಜಗಲಿಯಲ್ಲಿ, ಕಂಬಗಳ ನಡುವೆ ಕೂಡಿಸಿದ ಅಗಲವಾದ ಮರದ ಹಲಗೆಗೆ ಐಮರ ಎನ್ನುತ್ತಾರೆ. ಹಿರಿಯರು ಕೂರುವುದು ಅಲ್ಲಿ, ಬಂದವರನ್ನು ಮಾತನಾಡಿಸುವುದೂ ಅಲ್ಲಿ. ಕಾಡುದಾರಿಯಲ್ಲಿ ಕತ್ತಲಾದ ಮೇಲೆ ಬಂದವನಿಗೆ ಊಟವನ್ನೂ ಮಲಗಲು ಜಾಗವನ್ನೂ ಕೊಡುವುದು ಮನೆಯ ಮರ್ಯಾದೆಯ ವಿಷಯವಾಗಿತ್ತು. ಅದಕ್ಕೆ ಹಣ ಪಡೆಯುವ ಮಾತೇ ಇರಲಿಲ್ಲ. ಮುಂದೆ ಹೋಂಸ್ಟೇ ಆರಂಭಿಸಿದ ಮೊದಲ ತಲೆಮಾರಿಗೆ ಅತಿ ಕಷ್ಟವಾದದ್ದು ಇದೇ ಸಂಗತಿ: ಮನೆಗೆ ಬಂದು ಉಂಡವರ ಮುಂದೆ ಬಿಲ್ಲು ಇಡುವುದು.

ಹಣ ಕೊಟ್ಟು ಉಳಿಯುವ ಪದ್ಧತಿ ಕೊಡಗಿಗೆ ಬಂದದ್ದು ಸರ್ಕಾರಿ ಬಂಗಲೆಗಳ ಮೂಲಕ. 1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಆಮೇಲೆ ಮೈಸೂರು ಕಡೆಯಿಂದ ಮಡಿಕೇರಿಗೂ ಅಲ್ಲಿಂದ ಮಂಗಳೂರು ಕಡೆಗೂ ಹೋಗುವ ರಸ್ತೆಗಳು ಸುಧಾರಿಸಿದವು, ದಾರಿಯಲ್ಲಿ ಪ್ರವಾಸಿ ಬಂಗಲೆಗಳು ಎದ್ದವು. ಅಲ್ಲಿ ತಂಗುತ್ತಿದ್ದವರು ಹೆಚ್ಚಾಗಿ ಅಧಿಕಾರಿಗಳು, ಪಾದ್ರಿಗಳು, ಬೇಟೆಗೆ ಬಂದವರು. 1854ರಲ್ಲಿ ಜಾನ್ ಫೌಲರ್ ಮಡಿಕೇರಿಯ ಬಳಿ ಕಾಫಿ ತೋಟ ತೆರೆದ ನಂತರ ಯುರೋಪಿಯನ್ ಪ್ಲಾಂಟರುಗಳು ಒಬ್ಬರ ಹಿಂದೊಬ್ಬರಂತೆ ಬಂದರು. ಎಸ್ಟೇಟ್ ಬಂಗಲೆ ಎಂಬ ಹೊಸ ಬಗೆಯ ಮನೆ ಅವರೊಂದಿಗೆ ಬಂತು: ಹೆಂಚಿನ ಮಾಡು, ಸುತ್ತ ವರಾಂಡ, ಬೆಂಕಿಗೂಡು, ಅತಿಥಿಗಳಿಗೆಂದೇ ಪ್ರತ್ಯೇಕ ಕೋಣೆ. ಪ್ಲಾಂಟರುಗಳು ಪರಸ್ಪರರ ಬಂಗಲೆಗಳಲ್ಲಿ ವಾರಗಟ್ಟಲೆ ಉಳಿಯುತ್ತಿದ್ದರು. ಆದರೆ ಆ ಬಾಗಿಲು ಅವರವರ ವಲಯಕ್ಕಷ್ಟೇ ತೆರೆದಿತ್ತು. ಈ ತೋಟಗಳಲ್ಲಿ ಹಲವು ಕಾಲಕ್ರಮದಲ್ಲಿ ಭಾರತೀಯರ ಕೈಗೆ ಬಂದವು. ಅತಿಥಿ ಕೋಣೆಯುಳ್ಳ ಬಂಗಲೆಯೂ ಜೊತೆಗೇ ಬಂತು.

ಸ್ವಾತಂತ್ರ್ಯದ ನಂತರ ಕೊಡಗು ಸ್ವಲ್ಪಕಾಲ ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಂದಿಗೆ ಸೇರಿತು. ಮುಂದಿನ ಮೂರು ದಶಕ ಅಲ್ಲಿಗೆ ಪ್ರವಾಸಿಗರು ಬಂದರೂ ಅವರ ದಾರಿ ಮಡಿಕೇರಿಯ ರಾಜಾಸೀಟು, ಅಬ್ಬಿ ಜಲಪಾತ, ಭಾಗಮಂಡಲ ಮತ್ತು ತಲಕಾವೇರಿಗಳಲ್ಲೇ ಮುಗಿಯುತ್ತಿತ್ತು. ಉಳಿಯಲು ಪಟ್ಟಣದ ಲಾಡ್ಜುಗಳಿದ್ದವು. ತೋಟದೊಳಗೆ ಹೊರಗಿನವರು ಬಂದು ಮಲಗುವ ಅಗತ್ಯ ಯಾರಿಗೂ ಇರಲಿಲ್ಲ, ಬೆಳೆಗಾರನಿಗಂತೂ ಇರಲೇ ಇಲ್ಲ. 1940ರ ದಶಕದಿಂದ ಕಾಫಿಯನ್ನೆಲ್ಲ ಕಾಫಿ ಮಂಡಳಿಯೇ ಸಂಗ್ರಹಿಸಿ ಮಾರುತ್ತಿತ್ತು. ಬೆಳೆಗಾರ ಪೂಲಿಗೆ ಕಾಫಿ ಹಾಕಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದ. ಹಣ ತಡವಾಗುತ್ತದೆಂಬ ದೂರು ನಿರಂತರವಾಗಿತ್ತು. ಆದರೂ ಬೆಲೆ ಒಮ್ಮೆಲೇ ಕುಸಿಯುವ ಭಯ ಕಡಿಮೆಯಿತ್ತು.

ಈ ವ್ಯವಸ್ಥೆ ಸಡಿಲಗೊಂಡದ್ದು ಕೊಡಗಿನಿಂದ ಬಹುದೂರದ ಘಟನೆಗಳಿಂದ. ದೇಶದೇಶಗಳಿಗೆ ರಫ್ತಿನ ಪಾಲು ಹಂಚುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರ ಜುಲೈನಲ್ಲಿ ಮುರಿದುಬಿತ್ತು. ಎರಡು ವರ್ಷಗಳಲ್ಲಿ, ಭಾರತದ ಕಾಫಿಗೆ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶ ಸಿಕ್ಕಿ, 1996ರ ಹೊತ್ತಿಗೆ ಪೂಲ್ ಪದ್ಧತಿ ಪೂರ್ತಿ ಕೊನೆಗೊಂಡಿತು. ಮೊದಮೊದಲು ಇದು ಹಬ್ಬದಂತೆ ಕಂಡಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತು. ಕೊಡಗಿನಲ್ಲಿ ಹೊಸ ಮನೆಗಳು ಎದ್ದವು, ಹಳೆಯ ಮನೆಗಳಿಗೆ ಕೋಣೆಗಳು ಸೇರಿದವು. ಕೆಲವೇ ವರ್ಷಗಳಲ್ಲಿ ಬ್ರೆಜಿಲ್ ಮತ್ತು ವಿಯೆಟ್ನಾಂ ಬೆಳೆ ಜಗತ್ತಿನ ಮಾರುಕಟ್ಟೆಗೆ ಸುರಿಯಿತು. 2001–02ರ ಹೊತ್ತಿಗೆ ಕಾಫಿಯ ಅಂತರರಾಷ್ಟ್ರೀಯ ಬೆಲೆ ಮೂರು ದಶಕಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿಯಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಗೆ ಇದು ಸಣ್ಣ ಪೆಟ್ಟಲ್ಲ. ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಅವುಗಳ ಒಡೆಯರಿಗೆ ಎರಡು ಕೆಟ್ಟ ವರ್ಷ ತಡೆಯುವ ಉಳಿತಾಯವೂ ಇರಲಿಲ್ಲ.

ಕಾಫಿಗೆ ಆಸರೆಯಾಗಬೇಕಿದ್ದ ಉಪಬೆಳೆಗಳೂ ಆ ಹೊತ್ತಿಗೆ ಕೈಕೊಟ್ಟವು. ಹೆಸರಾಂತ ಕೊಡಗಿನ ಕಿತ್ತಳೆ ರೋಗಗಳಿಗೆ ತುತ್ತಾಗಿ ಹಿಂದೆಯೇ ಸೊರಗಿತ್ತು. ಕರಿಮೆಣಸಿನ ಬೆಲೆ 2000ದ ನಂತರ ವಿಯೆಟ್ನಾಂ ಪೈಪೋಟಿಯಲ್ಲಿ ಕುಸಿಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನುಕುಟುಂಬಗಳ ಬಹುಪಾಲನ್ನು ನಾಶಮಾಡಿತು. ಜೇನಿಗೆ ಹೆಸರಾಗಿದ್ದ ಕಕ್ಕಬೆ ಕಡೆ ಪೆಟ್ಟಿಗೆಗಳು ಖಾಲಿಯಾದವು. ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರಿನ ತಡಿಯಂಡಮೋಳ್ ಇರುವುದು ಅಲ್ಲಿಯೇ. ಅದರ ಬುಡದಲ್ಲಿ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಬೆಟ್ಟ ಹತ್ತಲು ಬರುವ ಚಾರಣಿಗರಿಗೆ ಊಟ, ಹಾಸಿಗೆ ಒದಗಿಸುವುದು ಜೇನಿನ ವರಮಾನ ಕಳೆದುಕೊಂಡ ಮನೆಗಳಿಗೆ ಹೊಸ ದಾರಿಯಾಯಿತು. ಕೊಡಗಿನ ಹೋಂಸ್ಟೇಗಳಲ್ಲಿ ತೀರ ಮೊದಲಿನವು ಈ ಬಗೆಯವು.

1994ರಲ್ಲಿ ಸಿದ್ದಾಪುರದ ಬಳಿ ಆರೆಂಜ್ ಕೌಂಟಿ ರೆಸಾರ್ಟ್ ತೆರೆಯಿತು. ಕಾಫಿ ತೋಟದ ನಡುವೆ ಎರಡು ದಿನ ಇರಲು ನಗರದವರು ದೊಡ್ಡ ಮೊತ್ತ ಕೊಡಬಲ್ಲರೆಂದು ಅದು ತೋರಿಸಿಕೊಟ್ಟಿತು. ರೆಸಾರ್ಟ್ ಕಟ್ಟುವ ಬಂಡವಾಳ ಸಾಮಾನ್ಯ ಬೆಳೆಗಾರನಿಗಿರಲಿಲ್ಲ, ಇದ್ದದ್ದು ಮನೆ. ಹಾಗಾಗಿ ಆರಂಭದ ಹೋಂಸ್ಟೇಗಳ ಖರ್ಚು ಕೆಲವೇ ಬಾಬುಗಳಿಗೆ ಸೀಮಿತವಾಗಿತ್ತು. ಮೊದಲನೆಯದು ಬಚ್ಚಲು. ಹಳೆಯ ಮನೆಗಳಲ್ಲಿ ಬಚ್ಚಲು, ಕಕ್ಕಸು ಹಿತ್ತಿಲ ಕಡೆಗಿರುತ್ತಿದ್ದವು. ಕೋಣೆಗೆ ಅಂಟಿದ ಬಚ್ಚಲಿಲ್ಲದಿದ್ದರೆ ನಗರದ ಕುಟುಂಬ ಎರಡನೆಯ ಸಲ ಬರುತ್ತಿರಲಿಲ್ಲ. ಎರಡನೆಯದು ಬಿಸಿನೀರು. ಸೌದೆ ಒಲೆಯ ಹಂಡೆಯಿಂದ ಗೀಸರಿಗೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಕಾರಣ ಮತ್ತೆ ಹಂಡೆಗೆ. ಬಿಳಿ ಹಾಸು, ಹೆಚ್ಚುವರಿ ಕಂಬಳಿ, ಒಂದು ಜನರೇಟರು ಅಥವಾ ಯುಪಿಎಸ್, ಮುಖ್ಯರಸ್ತೆಯ ತಿರುವಿನಲ್ಲಿ ಒಂದು ಬೋರ್ಡು. ಆಳುಗಳು ಕಡಿಮೆಯಾಗಿ ಖಾಲಿಬಿದ್ದ ಲೈನ್ ಮನೆಗಳನ್ನೂ ಕೆಲವೆಡೆ ರಿಪೇರಿ ಮಾಡಿ ಕೋಣೆಗಳಾಗಿಸಿದರು.

ಈ ಕಸುಬನ್ನು ಕಟ್ಟಿ ನಿಲ್ಲಿಸಿದ್ದು ಮನೆಯ ಹೆಂಗಸರು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ತೋಟದ ಲೆಕ್ಕ ಗಂಡಸರ ಕೈಯಲ್ಲಿದ್ದರೆ ಹೋಂಸ್ಟೇ ಲೆಕ್ಕ ಬಹಳ ಮನೆಗಳಲ್ಲಿ ಹೆಂಗಸರದಾಯಿತು. ಫೋನಿನಲ್ಲಿ ಬುಕಿಂಗ್, ಕೋಣೆಯ ಶುಚಿ, ಅಡುಗೆ, ಕೊನೆಗೆ ಹಣದ ಮಾತು, ಎಲ್ಲವನ್ನೂ ಅವರೇ ನೋಡಿಕೊಂಡರು. ಊಟವೇ ಮುಖ್ಯ ಆಕರ್ಷಣೆಯಾಯಿತು. ಕಾಚಂಪುಳಿ ಎಂಬ ಹುಳಿರಸ ಹಾಕಿದ ಪಂದಿಕರಿ, ಕಡಂಬುಟ್ಟು, ನೂಪುಟ್ಟು, ಅಕ್ಕಿ ಒಟ್ಟಿ, ಮಳೆಗಾಲದ ಬೈಂಬಳೆ (ಕಳಲೆ) ಮತ್ತು ಅಣಬೆ ಅಲ್ಲಿಯವರೆಗೆ ಹಬ್ಬ ಮದುವೆಗಳ ಆಚೆ ಹೊರಗಿನವರಿಗೆ ಸಿಗುತ್ತಿರಲಿಲ್ಲ. ಕೊಡವ ಅಡುಗೆ ಬೆಂಗಳೂರಿನ ಹೋಟೆಲುಗಳ ಪಟ್ಟಿ ಸೇರಿದ್ದರ ಹಿಂದೆ ಈ ಊಟದ ಮೇಜುಗಳ ಪಾಲು ದೊಡ್ಡದು. ಸಸ್ಯಾಹಾರಿ ಅತಿಥಿಗಳಿಗೆ ಬೇರೆ ಪಾತ್ರೆ, ಬೇರೆ ಒಲೆ ಇಡುವುದನ್ನೂ ಮನೆಗಳು ಬೇಗ ಕಲಿತವು. ಕೋಣೆಗೆ ಬಾಡಿಗೆ ಹೇಳದೆ, ಊಟ ತಿಂಡಿ ಸೇರಿಸಿ ತಲೆಗೆ ಇಷ್ಟು ಎನ್ನುವ ಪದ್ಧತಿ ಹಲವೆಡೆ ರೂಢಿಯಾಯಿತು. ಬಿಲ್ಲು ಕೇಳುವ ಸಂಕೋಚವನ್ನೂ ಅದು ತಕ್ಕಮಟ್ಟಿಗೆ ಕಡಿಮೆ ಮಾಡಿತು.

ಗಿರಾಕಿಗಳನ್ನು ಕೊಟ್ಟದ್ದು ಬೆಂಗಳೂರು. ಐಟಿ ಕಂಪನಿಗಳ ಶನಿವಾರ ಭಾನುವಾರದ ರಜೆ, ಕೈಯಲ್ಲಿ ಹಣ, ಸ್ವಂತ ಕಾರು, 2000ರ ದಶಕದಲ್ಲಿ ಅಗಲವಾದ ಮೈಸೂರು ರಸ್ತೆ ಎಲ್ಲ ಕೂಡಿಬಂದವು. ರೈಲೂ ವಿಮಾನವೂ ಇಲ್ಲದ ಜಿಲ್ಲೆಗೆ ಶುಕ್ರವಾರ ರಾತ್ರಿಯ ಕಾರುಗಳೇ ಜೀವನಾಡಿಯಾದವು. ಸಿನಿಮಾದ ಪಾಲೂ ಇದೆ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಮಡಿಕೇರಿಯ ಮಳೆಯನ್ನೇ ನೋಡತಕ್ಕ ಸಂಗತಿಯಾಗಿಸಿತು. 2008ರ ‘ಗಾಳಿಪಟ’ದಲ್ಲಿ ಮುಗಿಲುಪೇಟೆಯಾಗಿ ಕಾಣಿಸಿಕೊಂಡ ಮಾಂದಲಪಟ್ಟಿಗೆ ಮಡಿಕೇರಿಯಿಂದ ಜೀಪುಗಳ ಸಾಲೇ ಹೊರಟಿತು. ಅದುವರೆಗೆ ಜೂನ್‌ನಿಂದ ಆಗಸ್ಟ್‌ವರೆಗೆ ಬಾಗಿಲು ಹಾಕುತ್ತಿದ್ದ ಮನೆಗಳಿಗೂ ಜಿಗಣೆ ಲೆಕ್ಕಿಸದ ಯುವಕರ ಗುಂಪುಗಳು ಬರತೊಡಗಿದವು.

ತೋಟ ಮತ್ತು ಹೋಂಸ್ಟೇ ಒಂದೇ ಅಂಗಳದಲ್ಲಿ ನಡೆಯುವಾಗ ಒಂದು ತಿಕ್ಕಾಟ ತಪ್ಪುವುದಿಲ್ಲ. ಪ್ರವಾಸಿಗರ ದಟ್ಟಣೆ ಹೆಚ್ಚುವುದು ಡಿಸೆಂಬರ್ ಕೊನೆಯಲ್ಲಿ. ಅರೇಬಿಕಾ ಕೊಯ್ಲು ಜೋರಾಗಿರುವುದು, ಕಣದಲ್ಲಿ ಕಾಫಿ ಒಣಗುವುದು ಆಗಲೇ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಬೇಸಿಗೆ ರಜೆಗೆ ತುಸು ಮುಂಚೆ ಕಾಫಿ ಹೂವರಳಿಸುವ ಹೂಮಳೆಯ ಕಾಯುವಿಕೆ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರಿನ ಓಡಾಟ. ಹಾಸಿಗೆ ಹಾಸುವ ಕೈಗಳೂ ಕಾಫಿ ಕೊಯ್ಯುವ ಕೈಗಳೂ ಒಂದೇ ಆದ್ದರಿಂದ, ಎರಡನ್ನೂ ಉಳಿಸಿಕೊಂಡ ಕುಟುಂಬಗಳು ಕೋಣೆಗಳ ಸಂಖ್ಯೆಯನ್ನು ಮೂರು ನಾಲ್ಕಕ್ಕೆ ನಿಲ್ಲಿಸಿದವು.

ಹೋಂಸ್ಟೇಗೆಂದೇ ಮಾಡಿದ ಕಾನೂನು ತಡವಾಗಿ ಬಂತು. ವಿದೇಶಿಯರನ್ನು ಇಳಿಸಿಕೊಂಡರೆ 24 ಗಂಟೆಯೊಳಗೆ ಫಾರಂ ‘ಸಿ’ ಸಲ್ಲಿಸಬೇಕೆಂಬಂಥ ನಿಯಮ ಮೊದಲೇ ಇತ್ತು. ದೆಹಲಿಯ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಕಾಲಕ್ಕೆ ಕೋಣೆಗಳ ಕೊರತೆಯಾದೀತೆಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮನೆವಾಸ್ತವ್ಯಕ್ಕೆ ಒಂದು ಯೋಜನೆ ತಂದಿತು: ಒಂದರಿಂದ ಆರು ಕೋಣೆ, ಗರಿಷ್ಠ 12 ಹಾಸಿಗೆ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸಿಸಬೇಕು. ಕರ್ನಾಟಕದ ಮಾರ್ಗಸೂಚಿ ಕೋಣೆಗಳ ಮಿತಿಯನ್ನು ಐದಕ್ಕಿಟ್ಟು, ಪ್ರವಾಸೋದ್ಯಮ ಇಲಾಖೆಯ ನೋಂದಣಿಯೊಂದಿಗೆ ಸ್ಥಳೀಯ ಸಂಸ್ಥೆ ಮತ್ತು ಪೊಲೀಸರ ನಿರಾಕ್ಷೇಪಣಾ ಪತ್ರವನ್ನೂ ಕೇಳಿತು. ಮಾಲೀಕ ಮನೆಯಲ್ಲೇ ಇರಬೇಕೆಂಬುದೇ ಈ ನಿಯಮಗಳ ತಿರುಳು. ಹೋಟೆಲಿಗೂ ಹೋಂಸ್ಟೇಗೂ ಇರುವ ಮುಖ್ಯ ಗೆರೆ ಅದೇ.

2010ರ ನಂತರ ಅಳಿಯತೊಡಗಿದ್ದು ಅದೇ ಗೆರೆ. ಬುಕಿಂಗ್ ಜಾಲತಾಣಗಳು ಬಂದವು. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಏರ್‌ಬಿಎನ್‌ಬಿ ಕೆಲವೇ ವರ್ಷಗಳಲ್ಲಿ ಕೊಡಗಿನ ತೋಟಗಳನ್ನೂ ತಲುಪಿತು. ಬೋರ್ಡು, ಪರಿಚಯ, ಫೋನುಗಳ ಬದಲು ಫೋಟೊ ಮತ್ತು ನಕ್ಷತ್ರಗಳು ಗಿರಾಕಿಯನ್ನು ತಂದವು. ಹೊಸದಾಗಿ ಆರಂಭಿಸುವವರಿಗೆ ಇದು ನಿಜವಾದ ಅನುಕೂಲ: ಮೊದಲ ಅತಿಥಿಗಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಜೊತೆಗೆ, ಕೊಡಗಿನಲ್ಲಿ ಮನೆಯೂ ಇಲ್ಲದ, ಬೆಳೆಯೂ ಇಲ್ಲದ ಹೂಡಿಕೆದಾರರು ಮನೆಗಳನ್ನು ಗುತ್ತಿಗೆಗೆ ಹಿಡಿದು, ಮೇಲ್ವಿಚಾರಕನೊಬ್ಬನನ್ನಿಟ್ಟು, ಅದಕ್ಕೂ ಹೋಂಸ್ಟೇ ಎಂದೇ ಹೆಸರಿಟ್ಟರು. ನೋಂದಣಿಯಾಗದ ಮನೆಗಳು ಹೆಚ್ಚಿದವು. ರಾತ್ರಿ ಧ್ವನಿವರ್ಧಕ, ತೋಡಿಗೆ ಬೀಳುವ ಬಾಟಲಿ, ಬೇಸಿಗೆಯಲ್ಲಿ ಬತ್ತುವ ಬಾವಿಗಳ ಬಗ್ಗೆ ಅಕ್ಕಪಕ್ಕದ ಬೆಳೆಗಾರರ ದೂರು ಜಿಲ್ಲಾಡಳಿತಕ್ಕೆ ಮುಟ್ಟಿತು. 2011ರ ಜನಗಣತಿಯಂತೆ ಐದೂವರೆ ಲಕ್ಷ ಜನರಿರುವ ಜಿಲ್ಲೆಗೆ ವಾರಾಂತ್ಯದ ದಟ್ಟಣೆ ಸಣ್ಣ ಹೊರೆಯಲ್ಲ. ಈ ದೂರುಗಳಲ್ಲಿ ನ್ಯಾಯವಿತ್ತು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ, ಹಟ್ಟಿಹೊಳೆ ಸುತ್ತಮುತ್ತ ಗುಡ್ಡಗಳು ಕುಸಿದವು. ಮನೆ, ತೋಟ, ರಸ್ತೆ, ಜೀವಗಳು ಹೋದವು. ಇಳಿಜಾರನ್ನು ಬೇಕಾಬಿಟ್ಟಿ ಕಡಿದು ಸಮತಟ್ಟು ಮಾಡಿದ್ದೂ ಕುಸಿತಕ್ಕೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ತಜ್ಞರು ಹೇಳಿದರು. ನೋಟ ಚೆನ್ನಾಗಿರಲೆಂದು ಗುಡ್ಡದ ಅಂಚಿನಲ್ಲಿ ಕಟ್ಟಿದ ಕಟ್ಟಡಗಳ ಪ್ರಶ್ನೆ ಆಗ ಗಂಭೀರವಾಗಿ ಎದ್ದಿತು. ಪ್ರವಾಸಿಗರಿಗೆ ಕೆಲಕಾಲ ನಿರ್ಬಂಧ ಬಿತ್ತು. 2019ರಲ್ಲಿ ಮತ್ತೆ ಪ್ರವಾಹ ಬಂತು, 2020ರ ಮಾರ್ಚ್‌ನಿಂದ ಕೋವಿಡ್ ಲಾಕ್‌ಡೌನ್. ಮೂರು ವರ್ಷ ಒಂದರ ಮೇಲೊಂದು ಪೆಟ್ಟು ಬಿದ್ದಾಗ ಹೆಚ್ಚು ನರಳಿದವರು ಸಾಲ ಮಾಡಿ ಹೊಸ ಕಟ್ಟಡ ಎಬ್ಬಿಸಿದವರು ಮತ್ತು ಗುತ್ತಿಗೆ ಹಣ ತೆರಬೇಕಿದ್ದವರು. ಇದ್ದ ಮನೆಯ ಎರಡು ಕೋಣೆ ಕೊಟ್ಟಿದ್ದವರು ಬಾಗಿಲು ಹಾಕಿ ತೋಟದ ಕೆಲಸಕ್ಕೆ ಮರಳಿದರು.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಗಿ ಕೊಡಗಿನ ದಾರಿ ಇನ್ನಷ್ಟು ಚಿಕ್ಕದಾಯಿತು. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೇರಿತು. ಕಾಫಿ ಸೋತಾಗ ಊರುಗೋಲಾಗಿ ಹುಟ್ಟಿದ ಹೋಂಸ್ಟೇ, ಕಾಫಿ ಗೆದ್ದ ಮೇಲೂ ಉಳಿದಿದೆ. ಚಿಕ್ಕಮಗಳೂರು, ಸಕಲೇಶಪುರಗಳ ತೋಟಗಳಲ್ಲೂ ಅದು ಬೇರುಬಿಟ್ಟಿದೆ. ಇಂದು ಕೊಡಗಿನಲ್ಲಿ ಹೊಸದಾಗಿ ಆರಂಭಿಸುವವರು ಇಲಾಖೆಯ ನೋಂದಣಿ, ಪಂಚಾಯಿತಿ ಮತ್ತು ಪೊಲೀಸರ ಒಪ್ಪಿಗೆ ಪಡೆದ ಮೇಲೆಯೇ ಮೊದಲ ಅತಿಥಿಯನ್ನು ಇಳಿಸಿಕೊಳ್ಳಬೇಕು, ಮತ್ತು ಆ ಮನೆಯಲ್ಲಿ ತಾವೇ ವಾಸವಿರಬೇಕು.