ಕಟ್ಟು ಹಾಕುವ ಅಂಗಡಿಯಿಂದ ಕಲಾ ಗ್ಯಾಲರಿಗೆ: ಮುಂಬಯಿಯ ‘ಕೆಮೌಲ್ಡ್’

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಲಾವಿದರು, ಕಲಾಶಾಲೆಗಳು ಹಾಗೂ ಪಂಥಗಳ ಮೂಲಕ ಬರೆಯುತ್ತೇವೆ. ಚಿತ್ರವನ್ನು ನೋಡುಗರ ಮುಂದೆ ತಂದು ನಿಲ್ಲಿಸಿದ ಅಂಗಡಿ, ಕೋಣೆಗಳು ಆ ಕಥನದಲ್ಲಿ ಅಡಿಟಿಪ್ಪಣಿಗಳಾಗಿಯೇ ಉಳಿಯುತ್ತವೆ. ಮುಂಬಯಿಯ ‘ಗ್ಯಾಲರಿ ಕೆಮೌಲ್ಡ್’ ಈ ಕ್ರಮವನ್ನು ಮರುಪರಿಶೀಲಿಸಲು ತಕ್ಕ ನಿದರ್ಶನ.

ಅದರ ಸ್ಥಾಪಕ ಕೇಕೂ ಗಾಂಧಿ (1920–2012) ಪಾರ್ಸಿ ಸಮುದಾಯದವರು. ಕೇಂಬ್ರಿಜ್‌ನಲ್ಲಿ ನಡೆಯುತ್ತಿದ್ದ ಅವರ ವ್ಯಾಸಂಗ ಎರಡನೆಯ ಮಹಾಯುದ್ಧದಿಂದ ಮೊಟಕಾಯಿತು. 1941ರಲ್ಲಿ ಅವರು ಚಿತ್ರಗಳಿಗೆ ಹಾಕುವ ಕಟ್ಟುಗಳ ತಯಾರಿಕೆಯನ್ನು ಆರಂಭಿಸಿದರು. ‘ಕೆಮಿಕಲ್ ಮೌಲ್ಡಿಂಗ್’ ಎಂಬುದೇ ಮೊಟಕಾಗಿ ‘ಕೆಮೌಲ್ಡ್’ ಆಯಿತು. ಹೊಸ ಕಲೆಗೆ ಕೊಳ್ಳುವವರೂ ಪ್ರದರ್ಶನದ ನೆಲೆಗಳೂ ವಿರಳವಾಗಿದ್ದ ಆ ಕಾಲದಲ್ಲಿ ಅವರ ಮಳಿಗೆಯ ಗಾಜಿನ ಕಿಟಕಿಯೇ ಆರಾ, ಹೆಬ್ಬಾರ್, ಹುಸೇನ್ ಮೊದಲಾದವರ ಕೃತಿಗಳಿಗೆ ಪ್ರದರ್ಶನಾಲಯವಾಯಿತು.

ಉಡುಪಿ ಸಮೀಪದ ಕಟ್ಟಿಂಗೇರಿಯಿಂದ ಬಂದ ಕೆ.ಕೆ. ಹೆಬ್ಬಾರ್ ಹಾಗೂ ವಿಜ್ಞಾನಿ ಹೋಮಿ ಭಾಭಾ ಅವರ ಒತ್ತಾಸೆಯಿಂದ ಸರ್ ಕಾವಸ್‌ಜಿ ಜಹಾಂಗೀರ್ ಅವರು ಕಟ್ಟಿಸಿದ ಜಹಾಂಗೀರ್ ಕಲಾ ಗ್ಯಾಲರಿ 1952ರಲ್ಲಿ ತೆರೆಯಿತು. ಅದೇ ಕಟ್ಟಡದ ಮೊದಲ ಮಹಡಿಯಲ್ಲಿ 1963ರಲ್ಲಿ ಕೇಕೂ ಮತ್ತು ಪತ್ನಿ ಖುರ್ಷೀದ್ ‘ಗ್ಯಾಲರಿ ಕೆಮೌಲ್ಡ್’ ಆರಂಭಿಸಿದರು. ಕಿಟಕಿಯ ಆಕಸ್ಮಿಕ ನೋಟ ಇಲ್ಲಿ ಕಲಾವಿದರೊಂದಿಗಿನ ದೀರ್ಘಕಾಲದ ಒಡನಾಟವಾಯಿತು. ಲೆಕ್ಕಪರಿಶೋಧಕರಾಗಿದ್ದ ಭೂಪೇನ್ ಖಖ್ಖರ್ ಅವರಿಗೂ ಇಲ್ಲಿ ನೆಲೆ ದೊರೆಯಿತು. 1988ರಲ್ಲಿ ಮಗಳು ಶಿರೀನ್ ಗ್ಯಾಲರಿಯ ಹೊಣೆ ಹೊತ್ತರು. 2007ರಲ್ಲಿ ಅದು ಫೋರ್ಟ್ ಪ್ರದೇಶದ ಪ್ರೆಸ್ಕಾಟ್ ರಸ್ತೆಗೆ ಸ್ಥಳಾಂತರಗೊಂಡಿತು.

ಗಡಿಯಾಚೆಯ ಕನ್ನಡವನ್ನು ಅಧ್ಯಯನ ಮಾಡುವವರಿಗೆ ಈ ಚರಿತ್ರೆ ಮುಖ್ಯವೇಕೆ? ಹೆಬ್ಬಾರ್ ಕರಾವಳಿಯವರು, ಹುಸೇನ್ ಹುಟ್ಟಿದ್ದು ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ, ಆರಾ ಸಿಕಂದರಾಬಾದಿನ ಬೊಲಾರಮ್‌ನವರು. ರಾಜ್ಯವಾರು ಬರೆದ ಕಲಾಚರಿತ್ರೆ ಇವರನ್ನು ಮೂರು ಪಟ್ಟಿಗಳಿಗೆ ಹಂಚುತ್ತದೆ. ಅಂಗಡಿಯ ಕಿಟಕಿ ಒಂದೆಡೆ ಸೇರಿಸಿತ್ತು. 1956ಕ್ಕೆ ಮುನ್ನ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಹಾಗೆಂದು ಇದನ್ನು ಭಾಷಾ ಸಾಮರಸ್ಯದ ಕಥೆಯಾಗಿ ಸರಳೀಕರಿಸಲಾಗದು. ಮುಂಬಯಿಯ ಗ್ಯಾಲರಿ ಲೋಕದ ವ್ಯವಹಾರವೂ ವಿಮರ್ಶೆಯೂ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ನಡೆದವು. ಹಲವು ನುಡಿಗಳ ನಾಡುಗಳಿಂದ ಬಂದ ಕಲೆ ಒಂದೇ ನುಡಿಯಲ್ಲಿ ದಾಖಲಾದಾಗ, ಕಲಾವಿದನ ಹೆಸರು ಉಳಿದರೂ ಅವನ ಪರಿಸರದ ಮಾತು ಮರೆಯಾಗುತ್ತದೆ. ಕನ್ನಡದ ಕಲಾಚರಿತ್ರೆ ರಾಜ್ಯದ ಎಲ್ಲೆಯನ್ನೇ ತನ್ನ ಚೌಕಟ್ಟಾಗಿಸಿಕೊಂಡರೆ ಆ ಮರೆವು ಇಮ್ಮಡಿಯಾದೀತು. ಆಹ್ವಾನಪತ್ರಿಕೆ, ಮಾರಾಟದ ರಸೀದಿ, ಕಟ್ಟು ಹಾಕಿದವರ ನೆನಪು ಇವೆಲ್ಲವೂ ನಮ್ಮ ಆಕರಗಳೇ. ಅವನ್ನು ಕನ್ನಡದಲ್ಲಿ ಓದಿ ಬರೆಯುವ ಕೆಲಸ ಈಗಲಾದರೂ ಆರಂಭವಾಗಬೇಕು.