ರೈಲುದಾರಿಯ ಸರದಾರರೂ ನಮ್ಮ ವಂಶಾವಳಿಯೂ

ಚಿಂತಾಕಿ ಹೋಬಳಿಯ ಹಳ್ಳಿಗಳವರು ರೈಲು ಹಿಡಿಯಬೇಕಾದರೆ ಇಂದಿಗೂ ಬೀದರಕ್ಕೋ ಭಾಲ್ಕಿಗೋ ಕಮಲನಗರಕ್ಕೋ ಹೋಗಬೇಕು. ಔರಾದ ಪಟ್ಟಣಕ್ಕೆ ಹಳಿ ಇನ್ನೂ ಬಂದಿಲ್ಲ. ರೈಲುದಾರಿ ಯಾವ ಊರನ್ನು ಹಾಯ್ದು ಹೋಗಬೇಕು, ಯಾರ ಹಣದಿಂದ ಆಗಬೇಕು, ಅದರ ಲಾಭ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗಳು ನಮ್ಮ ಸೀಮೆಗೆ ಹೊಸವಲ್ಲ. ಬೀದರ ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರಲ್ಲಿ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ನಮ್ಮ ರೈಲಿನ ಪೂರ್ವಕಥೆಯನ್ನು ಹುಡುಕುವವರು ಹೈದರಾಬಾದಿನ ಕಡೆಗೇ ನೋಡಬೇಕಾಗುತ್ತದೆ.

ಮುಂಬಯಿಯಿಂದ ಹೊರಟ ರೈಲುದಾರಿ 1871ರಲ್ಲಿ ರಾಯಚೂರನ್ನು ಮುಟ್ಟಿತು. ಆ ದಾರಿಯಲ್ಲಿರುವ ವಾಡಿಯಿಂದ ಹೈದರಾಬಾದಿಗೆ ಕವಲು ಹಾದಿಯೊಂದು 1874ರಲ್ಲಿ ತೆರೆಯಿತು. ಅದರ ವೆಚ್ಚವನ್ನು ಹೊತ್ತದ್ದು ನಿಜಾಮರ ಬೊಕ್ಕಸ. ಆ ಬೊಕ್ಕಸವನ್ನು ತುಂಬುತ್ತಿದ್ದುದು ಬಹುಮಟ್ಟಿಗೆ ರೈತನ ಕಂದಾಯ. ಈ ಮಾತನ್ನು ಮರೆಯದೆ ಮುಂದಿನ ಕಥೆಯನ್ನು ಓದಬೇಕೆಂದು ನಮ್ಮ ವಿನಂತಿ.

ಹಾದಿಯನ್ನು ಮುಂದಕ್ಕೆ ಬೆಳೆಸಲು ಇನ್ನಷ್ಟು ಬಂಡವಾಳ ಬೇಕಾಯಿತು. ಆ ಕಾರ್ಯಕ್ಕೆ ಲಂಡನ್ನಿನಲ್ಲಿ ನಿಂತು ವ್ಯವಹಾರ ಕುದುರಿಸಿದವರು ಸಂಸ್ಥಾನದ ಅಧಿಕಾರಿ ಅಬ್ದುಲ್ ಹಕ್. 1883ರಲ್ಲಿ ಅವರ ಪ್ರಯತ್ನದಿಂದ ನಿಜಾಮರ ಖಾತರಿಯುಳ್ಳ ರೈಲ್ವೆ ಕಂಪನಿ ರೂಪುಗೊಂಡಿತು. ಹೂಡಿದ ಬಂಡವಾಳಕ್ಕೆ 20 ವರ್ಷಗಳವರೆಗೆ ಶೇಕಡಾ 5ರಷ್ಟು ಬಡ್ಡಿಯನ್ನು ಸಂಸ್ಥಾನವೇ ಖಾತರಿಯಾಗಿ ಕೊಡತಕ್ಕದ್ದೆಂಬುದು ಅದರ ಕರಾರು. ಅಂದರೆ ರೈಲು ಗಳಿಸಿದರೂ ಗಳಿಸದಿದ್ದರೂ ಹೂಡಿಕೆದಾರನಿಗೆ ನಷ್ಟವಿಲ್ಲ. ಕೊರತೆ ಬಿದ್ದರೆ ಬೊಕ್ಕಸವೇ ತುಂಬಿಕೊಡಬೇಕು. ಅಬ್ದುಲ್ ಹಕ್ಕರಿಗೆ ಸರದಾರ ದಿಲೇರ್ ಜಂಗ್ ಮೊದಲಾದ ಬಿರುದುಗಳು ಬಂದವು. ಅವರ ಏಳಿಗೆ ಕಂಡವರು ಬೆರಗಾಗುವಂತಿತ್ತು.

ಎಲ್ಲರೂ ಬೆರಗಾಗಿ ಸುಮ್ಮನಿರಲಿಲ್ಲ. ಚಾಂದಾ ಕಡೆಗೆ ಹಾಯಬೇಕಾಗಿದ್ದ ಈ ಯೋಜನೆಯ ಷರತ್ತುಗಳನ್ನು ಪ್ರಜೆಗಳ ಮುಂದಿಡಬೇಕೆಂದು ಹೈದರಾಬಾದಿನ ವಿದ್ಯಾವಂತರು ದನಿಯೆತ್ತಿದರು. ಆಗ ದಿವಾನ ಸಾಲಾರ್ ಜಂಗರು ತೀರಿಕೊಂಡು ಕೆಲವೇ ತಿಂಗಳಾಗಿತ್ತು. ನಿಜಾಮ ಮಹಬೂಬ್ ಅಲಿ ಖಾನರು ಇನ್ನೂ ಅಪ್ರಾಪ್ತ ವಯಸ್ಕರು. ದನಿಯೆತ್ತಿದವರಲ್ಲಿ ಮುಖ್ಯರಾದವರು ಮುಲ್ಲಾ ಅಬ್ದುಲ್ ಖಯ್ಯೂಮ್ ಮತ್ತು ಪ್ರಾಧ್ಯಾಪಕ ಅಘೋರನಾಥ ಚಟ್ಟೋಪಾಧ್ಯಾಯರು. ಪ್ರಶ್ನೆಗೆ ಉತ್ತರ ಕೊಡುವ ಬದಲು ಸರಕಾರ 1883ರ ಮೇ ತಿಂಗಳಲ್ಲಿ ಅಘೋರನಾಥರನ್ನು ಸಂಸ್ಥಾನದಿಂದಲೇ ಹೊರಹಾಕಿತು. ಮುಂದೆ ಅವರು ಮರಳಿ ಬಂದರು.

ಪ್ರಶ್ನೆ ಕೇಳಿದವರ ಸಂದೇಹ ನಿರಾಧಾರವಲ್ಲವೆಂಬುದನ್ನು ಕಾಲವೇ ತೋರಿಸಿತು. 1886ರಲ್ಲಿ ಹೈದರಾಬಾದು ಸಂಸ್ಥಾನದ ಖನಿಜ ತೆಗೆಯುವ ಹಕ್ಕನ್ನು ವಾಟ್ಸನ್ ಮತ್ತು ಸ್ಟುವರ್ಟ್ ಎಂಬ ಇಬ್ಬರಿಗೆ ಕೊಡಲಾಯಿತು. ಅದಕ್ಕಾಗಿ ಲಂಡನ್ನಿನಲ್ಲಿ 10 ಲಕ್ಷ ಪೌಂಡು ಬಂಡವಾಳದ ಕಂಪನಿ ಹುಟ್ಟಿತು. ಅದರಲ್ಲಿ 8 ಲಕ್ಷ 50 ಸಾವಿರ ಪೌಂಡು ಮುಖಬೆಲೆಯ ಷೇರುಗಳು ಹಕ್ಕು ಪಡೆದವರ ಪಾಲಿಗೇ ಹೋದವು. ನಿಜಾಮ ಸರಕಾರದ ಪರವಾಗಿ ಕಂಪನಿಯ ಷೇರು ಕೊಳ್ಳುವ ಹೊಣೆ ಅಬ್ದುಲ್ ಹಕ್ಕರದಾಗಿತ್ತು. ಅವರು ತಮ್ಮ ಕೈಯಲ್ಲಿದ್ದ ಷೇರುಗಳನ್ನೇ ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ತಮ್ಮ ಒಡೆಯರ ಬೊಕ್ಕಸಕ್ಕೆ ಮಾರಿದರು. ಕೊಳ್ಳುವವರ ಪ್ರತಿನಿಧಿಯೂ ಅವರೇ, ಮಾರುವವರೂ ಅವರೇ! 1888ರಲ್ಲಿ ಸಂಗತಿ ಬಯಲಾಯಿತು. ಬ್ರಿಟಿಷ್ ಪಾರ್ಲಿಮೆಂಟು ವಿಚಾರಣಾ ಸಮಿತಿ ನೇಮಿಸಿತು. ಸರದಾರರು ಅಧಿಕಾರ ಕಳೆದುಕೊಂಡರು. ಐದು ವರ್ಷಗಳೊಳಗೆ ಏರಿದವರು ಇಳಿದಿದ್ದರು.

ಆದರೆ ಹಳಿ ಉಳಿಯಿತು. ರೈಲು 1889ರಲ್ಲಿ ಬೆಜವಾಡವನ್ನು ಮುಟ್ಟಿತು. ನಮ್ಮ ಸರದಿ ಬಂದದ್ದು ಬಹಳ ತಡವಾಗಿ: ವಿಕಾರಾಬಾದು-ಬೀದರ ಹಾದಿ 1930ರಲ್ಲಿ ತೆರೆಯಿತು, 1932ರ ವೇಳೆಗೆ ಅದು ಭಾಲ್ಕಿಯನ್ನು ಹಾಯ್ದು ಪರಳಿ ವೈಜನಾಥವನ್ನು ಸೇರಿತು. ಬೀದರ-ಕಲಬುರಗಿ ಹಾದಿ ಪೂರ್ಣವಾಗಿ ತೆರೆದದ್ದು 2017ರಲ್ಲಿ. ಒಳ್ಳೆಯ ಕೆಲಸದಲ್ಲಿಯೂ ನಂಬಿಕೆದ್ರೋಹ ಬೆರೆಯಬಹುದು. ನಂಬಿಕೆದ್ರೋಹ ನಡೆಯಿತೆಂದು ಕೆಲಸವೇ ಕೆಟ್ಟದೆನ್ನಲೂ ಬಾರದು. ಎರಡನ್ನೂ ಒಟ್ಟಿಗೆ ಬರೆದಿಡುವುದೇ ಇತಿಹಾಸದ ಧರ್ಮ.

ಇನ್ನು ಮನೆತನಗಳ ಮಾತು. ಗಡೀಪಾರಾದ ಅಘೋರನಾಥರ ಮಗಳೇ ಸರೋಜಿನಿ ನಾಯ್ಡು. ಮಕ್ಕಳಲ್ಲಿ ವೀರೇಂದ್ರನಾಥರು ಕ್ರಾಂತಿಕಾರಿ, ಹರೀಂದ್ರನಾಥರು ಕವಿ. ಹರೀಂದ್ರನಾಥರ ಕೈಹಿಡಿದ ಕಮಲಾದೇವಿ ಚಟ್ಟೋಪಾಧ್ಯಾಯರು ನಮ್ಮ ಮಂಗಳೂರಿನ ಮಗಳು. ಹೀಗೆ ಹೈದರಾಬಾದಿನ ರೈಲು ತಕರಾರಿನ ಒಂದು ಎಳೆ ಕನ್ನಡ ಕರಾವಳಿಯವರೆಗೆ ಬಂದಿದೆ. ಆದರೆ ದಿಬ್ಬ ಕಡಿದು, ಮಣ್ಣು ಹೊತ್ತು, ಜಲ್ಲಿ ಒಡೆದವರ ವಂಶಾವಳಿಯನ್ನು ಬರೆದವರು ಯಾರು?

ಇಲ್ಲಿ ಧರ್ಮಕೇಂದ್ರದ ದಾಖಲೆ ಪುಸ್ತಕಗಳ ಬೆಲೆ ತಿಳಿಯುತ್ತದೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹವಾದವರ ಮತ್ತು ಸಾಕ್ಷಿಗಳ ಹೆಸರನ್ನೂ, ಜ್ಞಾನಸ್ನಾನದಲ್ಲಿ ಜ್ಞಾನತಂದೆ-ಜ್ಞಾನತಾಯಿಯರ ಹೆಸರನ್ನೂ ಗುರುಗಳು ಬರೆದಿಡಬೇಕೆಂದು ವಿಧಿಸಿತು. ಆ ಪುಸ್ತಕದಲ್ಲಿ ಸರದಾರನಿಗೂ ಕೂಲಿಯವನಿಗೂ ಒಂದೇ ಸಾಲು. ಬಿರುದಿಲ್ಲದವನ ಅಜ್ಜನ ಹೆಸರನ್ನು ಹುಡುಕುವವನಿಗೆ ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ಆದರೆ ಬರೆಯುವಾಗ ಒಂದು ಎಚ್ಚರ ಬೇಕು. ಏಳಿಗೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಬೀಳನ್ನು ಬಿಟ್ಟುಬಿಡುವುದು ಮನೆತನಗಳ ಹಳೆಯ ಚಾಳಿ. ಸಂತ ಮತ್ತಾಯನು ತನ್ನ ಶುಭಸಂದೇಶವನ್ನು ಪ್ರಭುವಿನ ವಂಶಾವಳಿಯಿಂದಲೇ ಆರಂಭಿಸುತ್ತಾನೆ. ಅಲ್ಲಿ ತಾಮಾರಳನ್ನಾಗಲಿ, ರಾಹಾಬಳನ್ನಾಗಲಿ, ಊರೀಯನ ಪತ್ನಿಯನ್ನಾಗಲಿ ಮರೆಮಾಡಿಲ್ಲ. ದಾವೀದನ ತಪ್ಪನ್ನು ನೆನಪಿಸುವ ಹೆಸರು ಅವನ ಹೆಸರಿನ ಪಕ್ಕದಲ್ಲಿಯೇ ಇದೆ. ನಮಗೆ ಇದಕ್ಕಿಂತ ದೊಡ್ಡ ಮಾದರಿ ಬೇಕಿಲ್ಲ.

ಶತಮಾನೋತ್ಸವದ ಈ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಹಿರಿಯರ ಹೆಸರು, ಹುಟ್ಟಿದ ಊರು, ಮಾಡಿದ ಕೆಲಸ, ಊರು ಬಿಟ್ಟ ಕಾರಣ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಸಾಲ ಮಾಡಿ ಸೋತ ಮುತ್ತಜ್ಜನಿಗೂ ಅದರಲ್ಲಿ ಒಂದು ಸಾಲಿರಲಿ. ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಲಿ.